ಅವತ್ತು ಜಡೆ ಹಾಕಿದವರು ಯಾರು

ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿಯನ್ನು ಹಲಗೆಯ ಮೇಲೆ ಇಡುತ್ತಿರಲಿಲ್ಲ. ಅದರ ಜಾಗ ನೆಲ, ಗೋಡೆಯ ಮೂಲೆ. ದೇವರ ಫೋಟೋಗೆ ಒಂದಲ್ಲ, ಎರಡು ಮೊಳೆ. ಗಾಜಿನ ಲೋಟಗಳು ಇರಲೇ ಇಲ್ಲ. ಹೊಸದಾಗಿ ಮದುವೆಯಾಗಿ ನಮ್ಮನೆಗೆ ಬಂದಿದ್ದ ಚಿಕ್ಕಮ್ಮ ಇದನ್ನೆಲ್ಲ ನೋಡಿ, "ಏನಕ್ಕಾ ಇದು, ಇರುವೆಗೆ ಎಟುಕಲಿ ಅಂತ ಎಲ್ಲ ನೆಲದ ಮೇಲೆ ಇಟ್ಟಿದ್ದೀಯಾ?" ಅಂತ ನಕ್ಕಿದ್ದಳಂತೆ. ಎರಡನೇ ರಾತ್ರಿ ನೆಲ ಕುಲುಕಿತು. ಅಡುಗೆಮನೆಯಲ್ಲಿ ತಟ್ಟೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಬೆಳಗಾಗುತ್ತಲೇ ಚಿಕ್ಕಮ್ಮ ಚಿಕ್ಕಪ್ಪನನ್ನು ಎಳೆದುಕೊಂಡು ಬಂಗಾರಪೇಟೆ ರೈಲು ಹತ್ತಿದಳು. ಮತ್ತೆ ನಮ್ಮನೆಯಲ್ಲಿ ರಾತ್ರಿ ಉಳಿದದ್ದನ್ನು ನಾನು ನೋಡಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ, ಕೋಲಾರದ ಚಿನ್ನದ ಗಣಿಯ ಲೈನು ಮನೆಯಲ್ಲಿ, ಅಂದರೆ ಕೆಲಸಗಾರರ ಸಾಲು ಮನೆಯಲ್ಲಿ. ಅಲ್ಲಿ ನೆಲ ಕುಲುಕುವುದು ದೊಡ್ಡ ಸುದ್ದಿಯೇನಲ್ಲ. ಮಳೆ ಬಂದ ಹಾಗೆ, ಕರೆಂಟು ಹೋದ ಹಾಗೆ. ಪುಸ್ತಕಗಳಲ್ಲಿ ಇದಕ್ಕೆ ರಾಕ್ ಬರ್ಸ್ಟ್ ಅಂತ ಹೆಸರು. ನಮ್ಮ ಲೈನಿನಲ್ಲಿ ಹಳೆಯ ಹೆಸರೇ ಚಾಲ್ತಿಯಲ್ಲಿತ್ತು, ಏರ್ ಬ್ಲಾಸ್ಟ್. ಕೆಳಗೆ ಕಲ್ಲು ಸಿಡಿದಾಗ ಗಾಳಿ ನುಗ್ಗಿ ಬರುತ್ತದಲ್ಲ, ಅದಕ್ಕೆ ಆ ಹೆಸರು. ಯಾಕೆ ಹೀಗಾಗುತ್ತದೆ ಅಂತ ಅಪ್ಪನನ್ನು ಒಮ್ಮೆ ಕೇಳಿದ್ದೆ. ಅಪ್ಪ ರೇಷನ್ ಅಂಗಡಿಯ ಉದಾಹರಣೆ ಕೊಟ್ಟರು. ಅಕ್ಕಿ ಮೂಟೆಗಳನ್ನು ಸೂರಿನ ತನಕ ಒಂದರ ಮೇಲೊಂದು ಜೋಡಿಸಿದ್ದಾರೆ ಅಂದುಕೋ. ನಡುವಿನ ಮೂಟೆಗಳನ್ನು ಒಂದೊಂದಾಗಿ ಎಳೀತಾ ಹೋದರೆ ಮೇಲಿನ ಭಾರವೆಲ್ಲ ಯಾರ ತಲೆ ಮೇಲೆ? ಉಳಿದ ಮೂಟೆಗಳ ಮೇಲೆ. ಅವು ತಡೆದುಕೊಳ್ಳುತ್ತವೆ, ತಡೆದುಕೊಳ್ಳುತ್ತವೆ, ಒಂದು ದಿನ ಹೊಟ್ಟೆ ಒಡೆಯುತ್ತದೆ. ಕಲ್ಲಿಗೂ ಹಾಗೇ.

ಮೂಟೆ ಎಳೆಯಲು ಶುರುವಾಗಿ ಆಗಲೇ ನೂರು ವರ್ಷ ಆಗಿತ್ತು. ಗಣಿ ನಡೆಸಿದ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿಯವರು ಬಂದದ್ದು 1880ರಲ್ಲಿ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಬಂದದ್ದು ನಮ್ಮೂರ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬರಲು ಇನ್ನೂ ಮೂರು ವರ್ಷ ಬೇಕಾಯಿತು. ಈ ಮಾತನ್ನು ಕೆಜಿಎಫ್‌ನವರು ಬೆಂಗಳೂರಿನವರ ಮುಂದೆ ಹೇಳದೆ ಬಿಡುವುದಿಲ್ಲ. ನಾನೂ ಬಿಡಲಿಲ್ಲ ನೋಡಿ. ನಾನು ಹುಟ್ಟುವ ಹೊತ್ತಿಗೆ ಚಾಂಪಿಯನ್ ರೀಫ್ ಕಡೆಯ ಗಣಿ 3 ಕಿಲೋಮೀಟರಿಗೂ ಜಾಸ್ತಿ ಆಳ ಹೋಗಿತ್ತು. ಅಷ್ಟು ಕೆಳಗೆ ಕಲ್ಲಿನ ಬಿಸಿಯೇ 60 ಡಿಗ್ರಿ ದಾಟುತ್ತದೆ. ಮೇಲಿಂದ ತಣ್ಣನೆಯ ಗಾಳಿ ಕಳಿಸದೆ ಇದ್ದರೆ ಮನುಷ್ಯ ಅಲ್ಲಿ ನಿಲ್ಲಲು ಆಗುವುದಿಲ್ಲ. ದೊಡ್ಡ ಸಿಡಿತ ಆದರೆ ದೂರದ ಗೌರಿಬಿದನೂರಿನ ಭೂಕಂಪ ಕೇಂದ್ರದ ಯಂತ್ರದಲ್ಲೂ ಗೆರೆ ಏಳುತ್ತಿತ್ತು. ಇದೆಲ್ಲ ಆಮೇಲೆ ಓದಿ ತಿಳಿದದ್ದು. ಆಗ ನಮಗೆ ಗೊತ್ತಿದ್ದದ್ದು ಇಷ್ಟೇ: ನೆಲ ಕುಲುಕಿದರೆ ಎದ್ದು ಹೊರಗೆ ಬರಬೇಕು, ಯಾರ ಮನೆಯ ಗಂಡಸರು ಯಾವ ಪಾಳಿಯಲ್ಲಿದ್ದಾರೆ ಅಂತ ಎಣಿಸಬೇಕು, ಆಮೇಲೆ ಮತ್ತೆ ಮಲಗಬೇಕು.

ನಮ್ಮ ಸಾಲಿನಲ್ಲಿ 14 ಮನೆ. ಎರಡು ಮನೆಗಳ ನಡುವೆ ಒಂದೇ ಗೋಡೆ. ಸಾಲಿನ ಕೊನೆಗೆ ಒಂದು ನಲ್ಲಿ. ಗೋಡೆ ಎಷ್ಟು ತೆಳು ಅಂದರೆ, ರಾತ್ರಿ ಕೆಮ್ಮಿದ್ದು ಯಾರು ಅಂತ ಹಾಸಿಗೆಯಲ್ಲೇ ಹೇಳಬಹುದಿತ್ತು. ಆ ಕೆಮ್ಮು ಬಹಳ ಮನೆಗಳಲ್ಲಿತ್ತು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಇಳಿದು ಬರುವ ಕೆಮ್ಮು. ಸಿಲಿಕೋಸಿಸ್ ಅನ್ನುವ ಪದ ನಮ್ಮ ಲೈನಿನ ಮಕ್ಕಳಿಗೆ ನೆಗಡಿ, ಜ್ವರದಷ್ಟೇ ಪರಿಚಯ.

14 ಮನೆಗಳಲ್ಲಿ ಕನ್ನಡದ ಮನೆ ನಮ್ಮದೊಂದೇ. ಉಳಿದವರೆಲ್ಲ ತಮಿಳರು, ಇಬ್ಬರು ತೆಲುಗಿನವರು. ಅವರ ತಾತಂದಿರು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ನಡೆದು ಬಂದವರು. ಬಹಳ ಮನೆಗಳ ಗೋಡೆಯಲ್ಲಿ ಅಂಬೇಡ್ಕರ್ ಫೋಟೋ. ಪಕ್ಕದಲ್ಲೇ ಮಾರಿಯಮ್ಮ ಇಲ್ಲವೇ ಏಸು. ನನಗೆ ಮೊದಲು ಬಂದ ಮಾತು ಕನ್ನಡವೋ ತಮಿಳೋ ಅಂತ ಅಮ್ಮನಿಗೂ ಸರಿಯಾಗಿ ನೆನಪಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಲ್ಲಿ ಹತ್ತಿರ ಜಗಳಕ್ಕೆ ಎರಡೂ, ಜೊತೆಗೆ ತೆಲುಗಿನ ಬೈಗುಳ.

ಲೈನಿನವರೆಲ್ಲ ಒಂದೇ ಮನೆಯವರ ಹಾಗೆ ಇದ್ದರು ಅಂತ ಬರೆದುಬಿಡುವುದು ಸುಲಭ. ಆದರೆ ಪೂರ್ತಿ ನಿಜ ಅಲ್ಲ. ಬಿಂದಿಗೆ ಸಾಲಿನಲ್ಲಿ ಮುಂದೆ ಹೋದದ್ದಕ್ಕೆ ಆರು ತಿಂಗಳು ಮಾತು ಬಿಟ್ಟವರಿದ್ದರು. ಚೀಟಿ ದುಡ್ಡಿಗೆ ಜುಟ್ಟು ಹಿಡಿದವರಿದ್ದರು. ಮುಳಬಾಗಿಲಿನಿಂದ ನಮ್ಮ ಅಜ್ಜಿ ಬಂದರೆ ಪಕ್ಕದ ಮನೆಯ ನೀರು ಮುಟ್ಟುತ್ತಿರಲಿಲ್ಲ. ಕಾರಣ ಕೇಳಿದರೆ "ನನಗೆ ಬಾಯಾರಿಕೆ ಇಲ್ಲಮ್ಮ" ಅನ್ನುತ್ತಿದ್ದರು. ನಾನು ಅದೇ ಮನೆಯಲ್ಲಿ ದಿನಾ ಇಡ್ಲಿ ತಿನ್ನುತ್ತೇನೆ ಅಂತ ಅಜ್ಜಿಗೆ ಹೇಳಬಾರದು ಅನ್ನುವುದು ಅಮ್ಮನಿಗೂ ನನಗೂ ಇದ್ದ ಒಪ್ಪಂದ.

ಆ ಪಕ್ಕದ ಮನೆ ಅತ್ತೆಯ ಬಗ್ಗೆಯೇ ನಾನು ಹೇಳಬೇಕಾದದ್ದು.

ಅತ್ತೆ, ಮಾಮ, ದೊಡ್ಡ ಹುಡುಗ, ಅವನ ಕೆಳಗೆ ಅಕ್ಕ. ನನ್ನನ್ನು ಅವರೆಲ್ಲ ಕರೆಯುತ್ತಿದ್ದದ್ದು "ಪಾಪಾ" ಅಂತ. ಮಾಮ ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸದಲ್ಲಿದ್ದರು. ತಲೆಯ ಮೇಲಿನ ಕಲ್ಲು ಜಾರದ ಹಾಗೆ ದಿಮ್ಮಿ ಕೊಟ್ಟು ನಿಲ್ಲಿಸುವುದು. ಮನೆಗೆ ಬಂದರೆ ಕೈಗೆ ಸಿಕ್ಕ ಮರದ ತುಂಡಿನಲ್ಲಿ ಬುಗುರಿ ಕೆತ್ತುತ್ತಿದ್ದರು. ಸಾಲಿನ ಮಕ್ಕಳೆಲ್ಲರ ಹತ್ತಿರ ಮಾಮನ ಬುಗುರಿ ಇತ್ತು. ಚೆನ್ನಾಗೇನೂ ತಿರುಗುತ್ತಿರಲಿಲ್ಲ, ಒಂದು ಕಡೆಗೆ ವಾಲುತ್ತಿದ್ದವು. ಆದರೆ ಅಂಗಡಿಯ ಬುಗುರಿ ತಂದವನನ್ನು ನಾವು ಆಟಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ.

ಲೈನಿನಲ್ಲಿ ಯಾರೂ "ಕೆಲಸಕ್ಕೆ ಹೋದರು" ಅನ್ನುತ್ತಿರಲಿಲ್ಲ. "ಕೆಳಗೆ ಹೋದರು" ಅನ್ನುತ್ತಿದ್ದರು. ವಾಪಸ್ ಬಂದರೆ "ಮೇಲೆ ಬಂದರು". ಒಂದು ಸಲ ಅಜ್ಜಿ, ಊರಲ್ಲಿ ತೀರಿಹೋದ ಯಾರದೋ ಸುದ್ದಿ ಹೇಳುತ್ತಾ "ಪಾಪ, ಮೇಲೆ ಹೋದರು" ಅಂದರು. ನಾನು "ಒಳ್ಳೇದಾಯ್ತಲ್ವಾ" ಅಂದುಬಿಟ್ಟೆ. ಅಜ್ಜಿ ನನ್ನ ತಲೆಗೆ ಮೊಟಕಿದರು. ನಮಗೆ ಮೇಲೆ ಅನ್ನುವುದೇ ಸುಖ, ಅಜ್ಜಿಗೆ ಅದು ಹೇಗೆ ಗೊತ್ತಾಗಬೇಕು?

ಅಪ್ಪ ಮಾತ್ರ ಕೆಳಗೆ ಹೋಗುವವರಲ್ಲ. ಟೈಮ್ ಆಫೀಸಿನಲ್ಲಿ ಗುಮಾಸ್ತರು. ಪ್ರತಿಯೊಬ್ಬನಿಗೂ ಒಂದು ನಂಬರು, ಆ ನಂಬರಿನ ಒಂದು ಬಿಲ್ಲೆ. ಕೆಳಗೆ ಹೋಗುವಾಗ ಬಿಲ್ಲೆ ಕೊಟ್ಟು ಹೋಗಬೇಕು, ಮೇಲೆ ಬಂದು ತೆಗೆದುಕೊಳ್ಳಬೇಕು. ಪಾಳಿ ಮುಗಿದ ಮೇಲೂ ಬೋರ್ಡಿನಲ್ಲಿ ಬಿಲ್ಲೆ ನೇತಾಡುತ್ತಿದೆ ಅಂದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ. ಅಪ್ಪನಿಗೆ ನಮ್ಮ ಸಾಲಿನ ಎಲ್ಲರ ನಂಬರೂ ಬಾಯಿಪಾಠ. ಕೆಲವು ಸಲ ಹೆಸರು ಮರೆತು ನಂಬರಿನಲ್ಲೇ ಕರೆದು ಬೈಸಿಕೊಳ್ಳುತ್ತಿದ್ದರು.

ಎಂಬತ್ತರ ದಶಕದ ಶುರು. ನಾನು ನಾಲ್ಕನೇ ಕ್ಲಾಸು. ಚಳಿಗಾಲದ ಒಂದು ರಾತ್ರಿ ನೆಲ ಕುಲುಕಿತು. ಯಾವಾಗಲೂ ಬರುವ ಹಾಗಲ್ಲ. ಯಾರೋ ಮಂಚದ ಕಾಲು ಹಿಡಿದು ಎಳೆದ ಹಾಗೆ. ಎರಡು ಮೊಳೆಯ ದೇವರ ಫೋಟೋ ಓರೆಯಾಯಿತು. ಸೂರಿನಿಂದ ಮಣ್ಣು ಉದುರಿ ತಮ್ಮನ ತೊಟ್ಟಿಲಿಗೆ ಬಿತ್ತು. ಎಲ್ಲರೂ ಹೊರಗೆ ಬಂದೆವು. ಹೆಂಗಸರು ಸೆರಗು ಹೊದ್ದು ನಿಂತು ಎಣಿಸಿದರು. ನಮ್ಮ ಸಾಲಿನಿಂದ ಅವತ್ತು ರಾತ್ರಿ ಪಾಳಿಗೆ ಹೋದವರು ಐದು ಜನ. ಅದರಲ್ಲಿ ಮಾಮನೂ ಒಬ್ಬರು. ಅತ್ತೆ ಹೊಸ್ತಿಲ ಮೇಲೆ ಕೂತು ಆಕಳಿಸಿದ್ದು ನೆನಪಿದೆ. ಅವರಿಗೆ ಹೆದರಿಕೆ ಇರಲಿಲ್ಲ ಅಂತಲ್ಲ. ಇಪ್ಪತ್ತು ವರ್ಷದಿಂದ ಹೀಗೆ ಎದ್ದು ಕೂತು ಮತ್ತೆ ಮಲಗಿದ್ದರು, ಅಷ್ಟೇ.

ಬೆಳಗಿನ ಜಾವ ಒಬ್ಬರು ಸೈಕಲ್ಲಿನಲ್ಲಿ ಬಂದು ಅಪ್ಪನನ್ನು ಕರೆದುಕೊಂಡು ಹೋದರು. ರಿಜಿಸ್ಟರು ಬೇಕಂತೆ. ಆತುರದಲ್ಲಿ ಅಪ್ಪ ಕನ್ನಡಕ ಮರೆತು ಹೋಗಿದ್ದರು. ಅದನ್ನು ತೆಗೆದುಕೊಳ್ಳಲು ಆರು ಗಂಟೆ ಹೊತ್ತಿಗೆ ಹಿಂದಿನ ಓಣಿಯಿಂದ ಬಂದರು. ಹಿಂದಿನ ಬಾಗಿಲಿನಿಂದ ಅಪ್ಪ ಬಂದದ್ದು ನಾನು ನೋಡಿದ್ದು ಅದೇ ಮೊದಲು.

ನಾನು ಒಲೆಯ ಮುಂದೆ ಚಳಿ ಕಾಯಿಸುತ್ತಾ ಕೂತಿದ್ದೆ. ಅಪ್ಪ ನನ್ನನ್ನು ನೋಡಲಿಲ್ಲ ಅಂತ ಕಾಣುತ್ತದೆ. ಅಮ್ಮನಿಗೆ ಮೆಲ್ಲಗೆ ಹೇಳಿದರು. "ಎರಡು ಬಿಲ್ಲೆ ಉಳಿದುಬಿಟ್ಟಿದೆ ಕಣೇ. ಒಂದು ಪಕ್ಕದ ಮನೇದು."

ಅಮ್ಮ ಏನೂ ಅನ್ನಲಿಲ್ಲ.

"ಕಲ್ಲು ತೆಗೀತಿದ್ದಾರೆ. ಇಲ್ಲ ಅಂತಲೇ ಹೇಳ್ತಿದ್ದಾರೆ. ನೀನು ಬಾಯಿ ಬಿಡಬೇಡ. ಆಫೀಸರು ಬಂದು ಹೇಳಬೇಕು, ಅದೇ ಕ್ರಮ."

ನಮ್ಮ ಮನೆಯ ಕನ್ನಡ ಆ ಲೈನಿನಲ್ಲಿ ಒಂಥರಾ ಗುಟ್ಟಿನ ಭಾಷೆ. ಅಕ್ಕಪಕ್ಕದವರಿಗೆ ಸ್ವಲ್ಪ ಸ್ವಲ್ಪ ಅರ್ಥವಾಗುತ್ತಿತ್ತು, ಆದರೆ ವೇಗವಾಗಿ ಆಡಿದರೆ ಇಲ್ಲ. ಸಂಬಳದ ಮಾತು, ಅಜ್ಜಿಯ ಮೇಲಿನ ದೂರು, ಹಬ್ಬಕ್ಕೆ ತರುವ ಬಟ್ಟೆ, ಎಲ್ಲ ಅದರಲ್ಲೇ. ಗೋಡೆಯ ಆ ಕಡೆ ಅತ್ತೆ ಇಡ್ಲಿ ಹಿಟ್ಟು ಕಲಸುವ ಸದ್ದು ಕೇಳುತ್ತಿತ್ತು. ಈ ಕಡೆ ಅಪ್ಪ ಕನ್ನಡದಲ್ಲಿ ಹೀಗೆ ಹೇಳಿದರು.

ಅಪ್ಪ ಕನ್ನಡಕ ಹಾಕಿಕೊಂಡು ಬಂದ ದಾರಿಯಲ್ಲೇ ಹೋದರು. ಆಗ ಅಮ್ಮ ನನ್ನನ್ನು ನೋಡಿದಳು. ನಾನು ಕೇಳಿಸಿಕೊಂಡಿದ್ದೇನೆ ಅಂತ ಅವಳಿಗೆ ಗೊತ್ತಾಯಿತು.

ದಿನಾ ಬೆಳಿಗ್ಗೆ ನನಗೆ ಎರಡು ಜಡೆ ಹಾಕುತ್ತಿದ್ದವರು ಅತ್ತೆ. ತಮ್ಮ ಹುಟ್ಟಿದ ಮೇಲೆ ಅಮ್ಮನಿಗೆ ಪುರುಸೊತ್ತು ಇರಲಿಲ್ಲ, ಅದಕ್ಕೆ ಶುರುವಾದ ಏರ್ಪಾಡು. ಸ್ಕೂಲಿಗೆ ಮುಂಚೆ ರಿಬ್ಬನ್, ಬಾಚಣಿಗೆ ಹಿಡಿದು ಪಕ್ಕದ ಮನೆಗೆ ಓಡುವುದು. ಅತ್ತೆ ತೆಂಗಿನ ಎಣ್ಣೆ ಹಚ್ಚಿ ಹುಬ್ಬು ಮೇಲೇಳುವಷ್ಟು ಬಿಗಿಯಾಗಿ ಹೆಣೆಯುತ್ತಿದ್ದರು. ಆಮೇಲೆ "ಶಾಪ್ಪಿಟ್ಟಿಯಾ?" ಅನ್ನುತ್ತಿದ್ದರು. ಊಟ ಆಯ್ತಾ ಅಂತ. ಆಗಿದ್ದರೂ "ಇಲ್ಲ" ಅನ್ನುತ್ತಿದ್ದೆ.

"ಹೋಗು, ಜಡೆ ಹಾಕಿಸ್ಕೊಂಡು ಬಾ" ಅಂದಳು ಅಮ್ಮ.

ನಾನು ಅಲ್ಲಾಡಲಿಲ್ಲ.

"ಹೋಗದಿದ್ರೆ ಅವರಿಗೆ ಅನುಮಾನ ಬರುತ್ತೆ. ಸುಮ್ನೆ ಹೋಗಿ ಕೂತ್ಕೋ. ಏನೂ ಮಾತಾಡಬೇಡ."

ಅಮ್ಮನ ಮೇಲೆ ನನಗೆ ಬಹಳ ವರ್ಷ ಈ ಒಂದು ವಿಷಯಕ್ಕೆ ಸಿಟ್ಟಿತ್ತು. ಈಗ ಇಲ್ಲ. ಆಗ ಅವಳಿಗೆ ಮೂವತ್ತೂ ತುಂಬಿರಲಿಲ್ಲ. ಕೈಯಲ್ಲಿ ಕೂಸು, ಗೋಡೆಯಾಚೆ ಆ ಮನೆ. ಏನು ಮಾಡಬೇಕು ಅಂತ ಅವಳಿಗಾದರೂ ಯಾರು ಹೇಳಿಕೊಟ್ಟಿದ್ದರು?

ನನ್ನ ನೆನಪಿನಲ್ಲಿ ಮುಂದೆ ನಡೆದದ್ದು ಹೀಗಿದೆ. ನಾನು ಅತ್ತೆಯ ಮನೆಯ ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ಕೂತಿದ್ದೇನೆ. ಅತ್ತೆ ಹಿಂದೆ. ಅವರ ಮೊಣಕಾಲು ನನ್ನ ಭುಜಕ್ಕೆ ತಾಗುತ್ತಿದೆ. ತಲೆಗೆ ಎಣ್ಣೆ ತಣ್ಣಗೆ ಇಳಿಯುತ್ತಿದೆ. ಅವರ ಮುಖ ಕಾಣುತ್ತಿಲ್ಲ, ಅದೇ ದೊಡ್ಡ ಪುಣ್ಯ. ಅತ್ತೆ ತಮಿಳಿನಲ್ಲಿ ಕೇಳುತ್ತಾರೆ, "ಅಪ್ಪ ಬಂದ್ರಾ ಪಾಪಾ?"

ನಾನು "ಇಲ್ಲ" ಅನ್ನುತ್ತೇನೆ.

ಅತ್ತೆ ಒಂದು ಜಡೆ ಮುಗಿಸಿ ರಿಬ್ಬನ್ ಕಟ್ಟುತ್ತಾರೆ. ಎರಡನೆಯದಕ್ಕೆ ಕೈ ಹಾಕುತ್ತಾರೆ. ನಾನು ಬೀದಿಯ ಕೊನೆಗೆ ಕಾಣುವ ಸಯನೈಡ್ ದಿಬ್ಬವನ್ನು ನೋಡುತ್ತಾ ಕೂತಿದ್ದೇನೆ. ಚಿನ್ನ ತೆಗೆದು ಉಳಿದ ಪುಡಿಯನ್ನು ಸುರಿದು ಸುರಿದು ಆದ ಬೂದಿ ಬಣ್ಣದ ಗುಡ್ಡ ಅದು. ಹೊರಗಿನವರು ನೋಡಿದರೆ ಯಾವುದೋ ಮರಳುಗಾಡು ಅನ್ನಬೇಕು. ಬೇಸಿಗೆಯಲ್ಲಿ ಗಾಳಿ ಬಂದರೆ ಅದರ ಧೂಳು ಒಗೆದ ಬಟ್ಟೆಯ ಮೇಲೆಲ್ಲ ಕೂರುತ್ತಿತ್ತು. ಅವತ್ತು ಗಾಳಿ ಇರಲಿಲ್ಲ. ದಿಬ್ಬದ ಪಕ್ಕದ ರಸ್ತೆಯಲ್ಲಿ ಜೀಪು ಬರುವುದು ಮೊದಲು ಕಂಡದ್ದು ನನಗೇ.

ಜೀಪು ಲೈನಿನೊಳಗೆ ಬಂದರೆ ಏನರ್ಥ ಅಂತ ಎಲ್ಲರಿಗೂ ಗೊತ್ತು. ಒಂದೊಂದೇ ಬಾಗಿಲಿಗೆ ಹೆಂಗಸರು ಬಂದು ನಿಂತರು. ಯಾರೂ ಮಾತಾಡಲಿಲ್ಲ. ಜೀಪು ತಮ್ಮ ಮನೆ ದಾಟಿದ ತಕ್ಷಣ ಒಬ್ಬೊಬ್ಬರೂ ಕೈ ಮುಗಿಯುತ್ತಿದ್ದದ್ದನ್ನು ನಾನು ನೋಡಿದೆ. ಅದು ತಪ್ಪು ಅಂತ ಹೇಗೆ ಹೇಳುವುದು. ದಾಟಿದ್ದಕ್ಕೆ ಕೈ ಮುಗಿದರು. ಆಮೇಲೆ ಅದು ಎಲ್ಲಿ ನಿಲ್ಲುತ್ತದೆ ಅಂತ ನೋಡಿ ಅದೇ ಕೈಯಿಂದ ಬಾಯಿ ಮುಚ್ಚಿಕೊಂಡರು.

ಅಪ್ಪ ಇಳಿದರು. ಜೊತೆಗೆ ಇಬ್ಬರು ಆಫೀಸರು. ಅತ್ತೆ ಬಾಚಣಿಗೆ ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತರು. ನನ್ನ ಎರಡನೇ ಜಡೆ ಅರ್ಧದಲ್ಲಿತ್ತು.

ಮುಂದಿನದು ಬಹಳ ಬರೆಯುವುದಿಲ್ಲ. ಮಾಮನನ್ನು ಮೇಲೆ ತರಲು ಮಾರನೇ ದಿನ ಮಧ್ಯಾಹ್ನ ಆಯಿತು. ಮುಖ ತೋರಿಸಲಿಲ್ಲ. ಇನ್ನೊಬ್ಬರು ಬೇರೆ ಲೈನಿನವರು. ಎರಡು ತಮಟೆ ತಂಡಗಳ ಸದ್ದು ಎರಡು ದಿಕ್ಕಿನಿಂದ ಬಂದು ನಮ್ಮ ನಲ್ಲಿಯ ಹತ್ತಿರ ಸೇರುತ್ತಿತ್ತು.

ನೆನಪಿನಲ್ಲಿ ಗಟ್ಟಿಯಾಗಿ ಉಳಿದಿರುವುದು ಆಮೇಲಿನ ದಿನಗಳು. ಆ ದಿನ 14 ಮನೆಗಳಲ್ಲೂ ಒಲೆ ಹಚ್ಚಲಿಲ್ಲ. ಹಿಂದಿನ ಸಾಲಿನವರು ಅನ್ನ, ಸಾರು ಮಾಡಿ ಬಕೆಟ್ಟಿನಲ್ಲಿ ಹೊತ್ತು ತಂದರು. ನಲ್ಲಿ ಹತ್ತಿರ ಅತ್ತೆಯ ಬಿಂದಿಗೆಗಳನ್ನು ಯಾರೋ ಮೊದಲು ತುಂಬಿ ಇಡುತ್ತಿದ್ದರು. ಆರು ತಿಂಗಳಿಂದ ಅತ್ತೆಯ ಜೊತೆ ಮಾತು ಬಿಟ್ಟಿದ್ದ ಮೂರನೇ ಮನೆಯಾಕೆಯೇ ರಾತ್ರಿ ಅವರ ಪಕ್ಕ ಮಲಗಿದರು. ಹದಿನಾರು ದಿನ ಒಬ್ಬೊಬ್ಬರ ಮನೆಯಿಂದ ಒಂದೊಂದು ಹೊತ್ತಿನ ಊಟ. ನಮ್ಮ ಸರದಿ ಬಂದಾಗ ಅಮ್ಮ ಮುದ್ದೆ, ಹುರುಳಿಕಾಳು ಸಾರು ಮಾಡಿದ್ದಳು. ಅಲ್ಲೇ ಅತ್ತೆಯ ಜೊತೆ ಒಂದೇ ತಟ್ಟೆಯಲ್ಲಿ ಉಂಡಳು. ಸುದ್ದಿ ತಿಳಿದು ಅಜ್ಜಿ ಮುಳಬಾಗಿಲಿನಿಂದ ಬಂದಿದ್ದರು. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. ಒಳಗೆ ಹೋದರು. ಕುಡಿಯಲು ನೀರು ಕೇಳಿದರು.

ಪರಿಹಾರದ ದುಡ್ಡಿನ ಮಾತು ಬಂದಾಗ ಮಾಮನ ಕಡೆಯವರು ಊರಿನಿಂದ ಬಂದರು. ಅಲ್ಲಿವರೆಗೆ ಅವರನ್ನು ಯಾರೂ ನೋಡಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆಯಿಂದ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಲು ನೋಡಿದರಂತೆ. ಅತ್ತೆಗೆ ಸಹಿ ಮಾಡಲು ಬರುತ್ತದೆ ಅಂತ ಕೂಡ ಅವರಿಗೆ ಗೊತ್ತಿರಲಿಲ್ಲ! ಸಾಲಿನ ಹೆಂಗಸರು ಪೊರಕೆ ಹಿಡಿದು ನಿಂತರು. ಮುಂದಾಳು ಆ ಮೂರನೇ ಮನೆಯಾಕೆಯೇ. ಅಪ್ಪ ಕಾಗದ ಓದಿ, ಹರಿಯಲಿಲ್ಲ, ಮಡಚಿ ಅವರ ಕೈಗೇ ಕೊಟ್ಟು "ಬಸ್ಸು ನಾಲ್ಕಕ್ಕಿದೆ" ಅಂದರು. ಅಪ್ಪ ಯಾರ ಮೇಲಾದರೂ ಸಿಟ್ಟಾದದ್ದು ಅಂತ ನಾನು ನೋಡಿದ್ದು ಅಷ್ಟೇ.

ದೊಡ್ಡ ಹುಡುಗನಿಗೆ ವಯಸ್ಸು ತುಂಬಿದ ಮೇಲೆ ಮಾಮನ ಕೆಲಸ ಸಿಕ್ಕಿತು. ಗಣಿಗೆ ಇಳಿಸುವ ಅದೇ ಕೇಜಿನಲ್ಲಿ ಕೆಳಗೆ ಹೋದ. ಅತ್ತೆ ಬೇಡ ಅನ್ನಲಿಲ್ಲ. ಬೇಡ ಅಂದರೆ ಲೈನು ಮನೆ ಬಿಡಬೇಕಿತ್ತು.

ಬದಲಾದವರು ಅಪ್ಪ. ನೆಲ ಕುಲುಕಿದ ಮಾರನೇ ಬೆಳಿಗ್ಗೆ ಲೈನಿನವರೆಲ್ಲ ಅಪ್ಪನ ಮುಖ ನೋಡಲು ಶುರು ಮಾಡಿದರು. ಬಿಲ್ಲೆ ಉಳಿದರೆ ಮೊದಲು ಗೊತ್ತಾಗುವುದು ಅವರಿಗೆ ತಾನೆ? ಅಪ್ಪ ಮುಖದಲ್ಲಿ ಏನೂ ತೋರಿಸದೆ ಇರುವುದನ್ನು ಕಲಿತರು. ಹಬ್ಬಕ್ಕೂ ಅದೇ ಮುಖ, ಸಾವಿಗೂ ಅದೇ ಮುಖ. ಅಮ್ಮ ಎಷ್ಟೋ ಸಲ "ಒಂದು ಸಲ ನಕ್ಕರೆ ನಿಮ್ಮ ಗಂಟು ಹೋಗುತ್ತಾ?" ಅಂತ ರೇಗಿದ್ದುಂಟು. ಆದರೆ ಅಪ್ಪ ಇನ್ನೊಂದನ್ನೂ ಶುರು ಮಾಡಿದ್ದರು. ಅದು ನನಗೆ ಅರ್ಥವಾಗಲು ವರ್ಷಗಳು ಬೇಕಾದವು. ಕೆಲಸ ಮುಗಿಸಿ ಬರುವಾಗ ದಿಬ್ಬದ ತಿರುವಿನಿಂದಲೇ ಸೈಕಲ್ ಬೆಲ್ ಬಾರಿಸುತ್ತಾ ಬರುತ್ತಿದ್ದರು. ದಾರಿಯಲ್ಲಿ ನಾಯಿಯೂ ಇರುತ್ತಿರಲಿಲ್ಲ, ಆದರೂ ಟ್ರಿಣ್ ಟ್ರಿಣ್ ಅಂತ ಲೈನಿನ ಉದ್ದಕ್ಕೂ. ಬೆಲ್ ಕೇಳಿದರೆ ಬೋರ್ಡು ಖಾಲಿ ಅಂತ ಅರ್ಥ. ಯಾರೂ ಇದನ್ನು ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಆದರೆ ಬೆಲ್ ಕೇಳಿದ ಮೇಲೆ ಹೆಂಗಸರು ಒಳಗೆ ಹೋಗಿ ಅಕ್ಕಿ ತೊಳೆಯುತ್ತಿದ್ದರು.

ನನ್ನ ಜಡೆಯ ಕೆಲಸ ಅಮ್ಮನಿಗೆ ಬಂತು. ಸ್ವಲ್ಪ ದಿನದ ನಂತರ ಅತ್ತೆಯೇ "ಬಾ ಪಾಪಾ" ಅಂತ ಕರೆದರು. ನಾನು ಹೋಗಲಿಲ್ಲ. ನನಗೇ ಬರುತ್ತದೆ ಅಂದೆ. ಬರುತ್ತಿರಲಿಲ್ಲ. ಒಂದು ಮೇಲೆ, ಒಂದು ಕೆಳಗೆ. ಐದನೇ ಕ್ಲಾಸಿಗೆ ಹೋಗುವ ಮೊದಲು ಹಟ ಮಾಡಿ ಕೂದಲು ಕತ್ತರಿಸಿಕೊಂಡೆ. ಕಾರಣ ಯಾರಿಗೂ ಹೇಳಲಿಲ್ಲ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂದಿತ್ತು. ಶುರುವಿನಲ್ಲಿ ಒಂದು ಟನ್ ಕಲ್ಲಿಗೆ 40 ಗ್ರಾಮಿಗೂ ಜಾಸ್ತಿ ಸಿಗುತ್ತಿದ್ದ ಚಿನ್ನ ಕೊನೆಕೊನೆಗೆ 3 ಗ್ರಾಮಿನ ಆಸುಪಾಸಿಗೆ ಇಳಿದಿತ್ತು. ಪಂಪುಗಳು ನಿಂತವು, ಸುರಂಗಗಳಿಗೆ ನೀರು ತುಂಬಿತು. ಅಷ್ಟು ಹೊತ್ತಿಗೆ ಅಪ್ಪ ನಿವೃತ್ತರಾಗಿ ನಾವು ಬಂಗಾರಪೇಟೆಗೆ ಬಂದಿದ್ದೆವು. ಲೈನಿನಲ್ಲಿ ಉಳಿದವರು ಬೆಳಿಗ್ಗೆ ಕತ್ತಲಲ್ಲೇ ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರಲು ಶುರು ಮಾಡಿದರು. ಈಗಲೂ ಹಾಗೇ. ದೊಡ್ಡ ಹುಡುಗನೂ ಅದೇ ರೈಲಿನವನಾದ. ಹೋಗಿ ಬರಲು ದಿನಕ್ಕೆ ಐದಾರು ಗಂಟೆ. "ಪರವಾಗಿಲ್ಲ, ಕಿಟಕಿ ಇದೆಯಲ್ಲ" ಅಂದಿದ್ದ ಒಮ್ಮೆ.

ಕಳೆದ ವರ್ಷ ಅಪ್ಪ ತೀರಿಕೊಂಡರು. ಅತ್ತೆಗೆ ಬರಲು ಆಗಲಿಲ್ಲ, ಮಂಡಿ ನೋವು. ಹದಿಮೂರು ದಿನ ಕಳೆದ ಮೇಲೆ ನಾನೇ ಹೋದೆ. ಅದೇ ಸಾಲು. 14ರಲ್ಲಿ ಐದು ಮನೆಗೆ ಬೀಗ, ಎರಡಕ್ಕೆ ಸೂರಿಲ್ಲ. ನಮ್ಮ ಮನೆಯಲ್ಲಿ ಯಾರೋ ಮೇಕೆ ಕಟ್ಟಿದ್ದಾರೆ. ಅತ್ತೆ ಮಾತ್ರ ಅದೇ ಹೊಸ್ತಿಲ ಮೇಲೆ. ಅಕ್ಕನೂ ತವರಿಗೆ ಬಂದಿದ್ದಳು, ಒಳಗೆ ಅಡುಗೆಯಲ್ಲಿದ್ದಳು.

ಅಪ್ಪ ಹೋದ ಮೇಲೆ, ಅವತ್ತಿನ ಬೆಳಗಿನ ಗುಟ್ಟು ಗೊತ್ತಿದ್ದವರಲ್ಲಿ ಉಳಿದದ್ದು ಅಮ್ಮ ಮತ್ತು ನಾನು. ಅಮ್ಮನಿಗೆ ಈಗ ಹೆಸರುಗಳೇ ನೆನಪಿರುವುದಿಲ್ಲ. ಈ ಸಲ ಹೇಳಿಬಿಡಬೇಕು ಅಂತ ರೈಲಿನಲ್ಲೇ ತೀರ್ಮಾನ ಮಾಡಿದ್ದೆ. ವಾಕ್ಯಗಳನ್ನು ತಮಿಳಿನಲ್ಲಿ ಜೋಡಿಸಿಕೊಂಡಿದ್ದೆ. ನನಗೆ ಗೊತ್ತಿತ್ತು ಅತ್ತೆ. ಅಪ್ಪ ಬಂದು ಹೋಗಿದ್ದರು. ನಾನು ಸುಳ್ಳು ಹೇಳಿದೆ.

ಕಾಫಿ ಕುಡಿದ ಮೇಲೆ ಶುರು ಮಾಡಿದೆ. "ಅತ್ತೆ, ಮಾಮ ಹೋದ ದಿನ ಬೆಳಿಗ್ಗೆ ನೀವು ನನಗೆ ಜಡೆ ಹಾಕ್ತಿದ್ರಲ್ಲ..."

"ನಾನೆಲ್ಲಿ ಹಾಕ್ತಿದ್ದೆ?" ಅಂದರು ಅತ್ತೆ.

ನಾನು ನಿಂತುಬಿಟ್ಟೆ.

"ನಾನು ನಲ್ಲಿ ಹತ್ರ ಇದ್ದೆ ಪಾಪಾ. ಅವತ್ತು ನೀರು ಲೇಟು. ಬಿಂದಿಗೆ ಕೆಳಗಿಟ್ಟಿದ್ದೆ, ಜೀಪು ಬಂತು. ಬಿಂದಿಗೆ ತುಂಬಿ ಹರೀತಾನೇ ಇತ್ತು, ಯಾರೂ ನಲ್ಲಿ ನಿಲ್ಲಿಸಲಿಲ್ಲ. ಅದು ನನಗೆ ಚೆನ್ನಾಗಿ ನೆನಪಿದೆ. ಎಷ್ಟು ನೀರು ಹಾಳಾಯ್ತು."

"ಮತ್ತೆ ಜಡೆ?"

"ಅವಳು ಹಾಕಿರಬೇಕು." ಒಳಗೆ ಕೂಗಿದರು.

ಅಕ್ಕ ಕೈ ಒರೆಸುತ್ತಾ ಬಂದಳು. "ನಾನಾ? ನಾನು ಆಗ ಹಾಲು ತರೋಕೆ ಹೋಗಿದ್ದೆ. ವಾಪಸ್ ಬರೋಷ್ಟರಲ್ಲಿ ಎಲ್ಲ ಆಗಿತ್ತು. ಇವಳು ಕೂದಲು ಬಿಟ್ಕೊಂಡೇ ನಮ್ಮನೆ ಬಾಗಿಲಲ್ಲಿ ನಿಂತಿದ್ಲು, ಸ್ಕೂಲ್ ಯೂನಿಫಾರ್ಮ್ ಹಾಕ್ಕೊಂಡು."

"ಇಲ್ಲ ಅಕ್ಕ, ಒಂದು ಜಡೆ ಆಗಿತ್ತು. ರಿಬ್ಬನ್ ಕೂಡ ಕಟ್ಟಿತ್ತು."

"ಎಲ್ಲಿಂದ ಆಗಿರುತ್ತೆ? ಹಾಕೋರು ಯಾರು?"

ಅತ್ತೆ ಯೋಚನೆ ಮಾಡಿದರು. ಮೂರನೇ ಮನೆಯಾಕೆ ಇರಬಹುದಾ? ಛೇ, ಆಗ ಅವರ ಜೊತೆ ಮಾತೇ ಇರಲಿಲ್ಲ. ನಿಮ್ಮಮ್ಮ? ಅವಳ ಕೈಯಲ್ಲಿ ಮಗು ಇತ್ತು. ತಾಯಿ ಮಗಳಿಬ್ಬರೂ ಅದೇ ವಿಷಯಕ್ಕೆ ಜಗಳ ಹಚ್ಚಿಕೊಂಡರು. ನೀನು ಹಾಲಿಗೆ ಹೋದದ್ದು ಅವತ್ತಲ್ಲ, ಮಾರನೇ ದಿನ. ಅಲ್ಲ, ಅವತ್ತೇ, ಹಾಲಿನ ಪಾತ್ರೆ ನನ್ನ ಕೈಯಲ್ಲೇ ಇತ್ತು. ನಿನಗೆ ಏನೂ ನೆನಪಿರಲ್ಲ ಬಿಡು. ನಿನಗೆ ತಾನೇ ಇರೋದು.

ನನ್ನ ತಮಿಳು ವಾಕ್ಯಗಳು ಬಾಯಲ್ಲೇ ಉಳಿದವು. ನಲವತ್ತು ವರ್ಷ ನನ್ನ ಹೆಗಲಿಗೆ ತಾಗುತ್ತಿದ್ದ ಆ ಮೊಣಕಾಲು ಯಾರದು? "ಅಪ್ಪ ಬಂದ್ರಾ ಪಾಪಾ" ಅಂತ ಕೇಳಿದವರು ಯಾರು? ಸುಳ್ಳು ಹೇಳಿದ್ದಂತೂ ಹೌದು, ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಯಾರಿಗೆ?

ಮಧ್ಯದಲ್ಲಿ ಅತ್ತೆ ಜಗಳ ನಿಲ್ಲಿಸಿ ನನ್ನ ತಲೆ ನೋಡಿದರು. "ಕೂದಲೆಲ್ಲ ಏನು ಮಾಡ್ಕೊಂಡೆ ಪಾಪಾ, ಹಿಡಿಯಷ್ಟೂ ಇಲ್ಲ" ಅಂದರು. ಅಕ್ಕ ಇಡ್ಲಿ ತಂದಿಟ್ಟಳು. ನಾಲ್ಕು ಗಂಟೆ ಮಧ್ಯಾಹ್ನಕ್ಕೆ ಯಾರಾದರೂ ಇಡ್ಲಿ ತಿನ್ನುತ್ತಾರಾ? ತಿಂದೆ. ರೈಲಿಗೆ ಹೊತ್ತಾಗುತ್ತಿತ್ತು. ಹೊರಡುವಾಗಲೂ ಅವರಿಬ್ಬರ ವಾದ ಮುಗಿದಿರಲಿಲ್ಲ. ಅಕ್ಕ ಅಡುಗೆಮನೆಯಿಂದ, ಅತ್ತೆ ಹೊಸ್ತಿಲಿನಿಂದ. ದಿಬ್ಬದ ತಿರುವಿನ ತನಕ ಅವರ ದನಿ ಕೇಳುತ್ತಲೇ ಇತ್ತು.